ಇವತ್ತು ಬಸಿ ಯಾರದು?

ಬೆಳಗಿನ ಚಹಕ್ಕೆ ಶುಂಠಿ ಜಜ್ಜುವಾಗೆಲ್ಲ ರಶ್ಮಿತಾಳಿಗೆ ಈಗಲೂ ಹರಿಹರದ ಆ ಹಿತ್ತಲ ಕಟ್ಟೆ ನೆನಪಾಗುತ್ತದೆ. ಕಟ್ಟೆಯ ಒಂದು ತುದಿಗೆ ಅತ್ತೆ ಕಸ್ತೂರಮ್ಮ, ಇನ್ನೊಂದು ತುದಿಗೆ ಸೊಪ್ಪು ಮಾರುವ ಉಡಚಮ್ಮ. ನಡುವೆ ಅಂಚಿಗೆ ನೀಲಿ ಗೆರೆಯಿದ್ದ ಒಂದೇ ಕಪ್ಪು, ಅದರಡಿ ಇಡುವ ಒಂದೇ ಬಸಿ, ಪಕ್ಕದಲ್ಲಿ ಮೊರದ ತುಂಬ ಮಂಡಕ್ಕಿ.

ಉಡಚಮ್ಮ ಪಕ್ಕದ ಸಾರಥಿ ಹಳ್ಳಿಯವಳು. ನಸುಕಿನಲ್ಲೇ ಸೊಪ್ಪು ಕೊಯ್ದು, ಕಟ್ಟು ಕಟ್ಟಿ, ಪುಟ್ಟಿ ಹೊತ್ತು ಮೊದಲ ಬಸ್ಸಿಗೆ ಬರುತ್ತಿದ್ದಳು. ಲಗೇಜಿನ ಲೆಕ್ಕಕ್ಕೆ ಕಂಡಕ್ಟರನಿಗೆ ಒಂದು ಕಟ್ಟು ಮೆಂತ್ಯ. ಅವನು ಇನ್ನೊಂದು ಕೇಳಿದರೆ, "ಮನ್ಯಾಗೆ ಎಮ್ಮೆ ಕಟ್ಟೀಯೇನಪ್ಪಾ?" ಎಂದು ಬಸ್ಸನ್ನೆಲ್ಲ ನಗಿಸುವಳು. ಓಣಿಯ ತುದಿಯಲ್ಲಿ "ಪುಂಡೀ... ಸಬ್ಬಸಿಗೀ..." ಎಂಬ ಅವಳ ಕೂಗು ಕೇಳಿತೆಂದರೆ ಕಸ್ತೂರಮ್ಮನ ಲಿಂಗಪೂಜೆ ಮುಗಿಯುವ ಹೊತ್ತು. ಹಣೆಯ ವಿಭೂತಿ ಇನ್ನೂ ಹಸಿಯಿರುವಾಗಲೇ ಅವರು ಚಹಕ್ಕೆ ನೀರಿಡುವರು. ಪೂಜೆಗೆ ಮೊದಲು ಹನಿ ನೀರೂ ಮುಟ್ಟದ ಅವರಿಗೆ ಅದೇ ದಿನದ ಮೊದಲ ಗುಟುಕು.

ಅದನ್ನು ಕುಡಿಯುವುದಕ್ಕೂ ಒಂದು ಪದ್ಧತಿಯಿತ್ತು. ಒಬ್ಬರಿಗೆ ಕಪ್ಪು, ಒಬ್ಬರಿಗೆ ಬಸಿ. ಮಾರನೆಯ ದಿನ ಅದಲು ಬದಲು.

"ಇವತ್ತು ಬಸಿ ಯಾರ್ದು?" ಕಸ್ತೂರಮ್ಮ ಕೇಳುವರು.

"ನಿಮ್ದು. ನಿನ್ನೆ ನಾನು ಕುಡ್ದೀನಿ."

"ಸುಳ್ಳು ಹೇಳ್ಬ್ಯಾಡ ಉಡಚಿ. ನಿನ್ನೆ ಬಸಿಯಾಗೆ ತುಟಿ ಸುಟ್ಕೊಂಡೋಳು ನಾನು."

"ತುಟಿ ಸುಟ್ಟಿದ್ದು ಮೊನ್ನೆ ರೀ ಅಮ್ಮಾರೆ. ಅರಳುಮರಳು ಸುರುವಾತು ನಿಮಗೆ!"

ಜಗಳ ಮುಗಿದ ಮೇಲೆ ಸೊರ್ರೆಂದು ಹೀರುವ ಸದ್ದು. ಕಪ್ಪು ಸಿಕ್ಕವರು ಅದರೊಳಗೆ ಒಂದು ಹಿಡಿ ಮಂಡಕ್ಕಿ ಸುರಿದು, ಮೆತ್ತಗಾಗುವ ಮೊದಲೇ ಚಮಚೆಯಲ್ಲಿ ಎತ್ತಿ ತಿನ್ನುವರು. ಆಮೇಲೆ ಇಬ್ಬರೂ ಒಂದಿಷ್ಟು ಹೊತ್ತು ನುಗ್ಗೆ ಗಿಡ ನೋಡುತ್ತ ಕೂಡುವರು.

ಅಡುಗೆಮನೆಯ ಕಿಟಕಿಯಿಂದ ರಶ್ಮಿತಾ ಇದನ್ನೆಲ್ಲ ನೋಡುತ್ತಿದ್ದಳು. ಅವಳು ದಾವಣಗೆರೆಯ ವಿದ್ಯಾನಗರದಲ್ಲಿ ಬೆಳೆದವಳು, ಕಾನ್ವೆಂಟಿನಲ್ಲಿ ಓದಿದವಳು. ತೊಂಬತ್ತೆಂಟರ ಆ ಚಳಿಗಾಲದಲ್ಲಿ ಮಗಳು ಪೂಜಾ ಆಗಷ್ಟೇ ಅಂಬೆಗಾಲಿಡುತ್ತಿದ್ದ ಕೂಸು. ಮಗು ಸೀನಿದರೆ ಭಯ, ಸೀನದಿದ್ದರೆ ಮೂಗು ಕಟ್ಟಿದೆಯೇನೋ ಎಂಬ ಭಯ. ಹಾಲಿನ ಬಾಟಲಿಯನ್ನು ಕುದಿಸಿ, ಕುದಿಸಿದ್ದು ಸಾಲದೇನೋ ಎಂದು ಮತ್ತೆ ಕುದಿಸುವಳು. ಅವಳ ಪಾಲಿನ ಚಹ ಒಲೆಯ ಪಕ್ಕದಲ್ಲೇ ಆರಿ ಕೆನೆಗಟ್ಟುತ್ತಿತ್ತು. ತೊಟ್ಟಿಲ ಕಡೆ ಕಿವಿಯಿಟ್ಟುಕೊಂಡು, ನಿಂತಲ್ಲೇ ಔಷಧಿಯಂತೆ ನುಂಗಿಬಿಡುವಳು.

ಆಗಲೇ ಉಡಚಮ್ಮನಿಗೆ ಕೆಮ್ಮು ಹತ್ತಿದ್ದು. ಇಬ್ಬನಿಯಲ್ಲಿ ಸೊಪ್ಪು ಕೊಯ್ದು ಬಂದ ಒಣಕೆಮ್ಮು. ಚಹ ಕುಡಿದಾದ ಮೇಲೆ ಅವಳು ಪೂಜಾಳನ್ನು ಎತ್ತಿ ಕೆನ್ನೆಗೆ ಕೆನ್ನೆ ಹಚ್ಚುವುದು ಮೊದಲಿನಿಂದಲೂ ರೂಢಿ. ಅದೇ ಬಸಿಯಲ್ಲಿ ಅತ್ತೆ ಕುಡಿಯುತ್ತಾರೆ, ಅದೇ ಬಾಯಲ್ಲಿ ಮಗುವಿಗೆ ಮುತ್ತು ಕೊಡುತ್ತಾರೆ. ರಶ್ಮಿತಾಳ ತಲೆಯಲ್ಲಿ ಕಾಯಿಲೆಗಳ ಹೆಸರು ಒಂದೊಂದಾಗಿ ಸಾಲುಗಟ್ಟಿದವು. ಗಂಡ ಪ್ರಶಾಂತನಿಗೆ ಹೇಳಿದಳು. "ಅಮ್ಮಂಗೆ ಹೇಳ್ತೀನಿ ಬಿಡು" ಎಂದವನು ದಾವಣಗೆರೆಯ ಅಂಗಡಿಗೆ ಹೋದ, ಮರೆತ.

ಒಂದು ಸೋಮವಾರ ಅತ್ತೆಯ ಪೂಜೆ ಉದ್ದವಾಯಿತು. ಚಹ ಮಾಡಿದವಳು ರಶ್ಮಿತಾ. ಹೊಸ ಸ್ಟೀಲಿನ ಲೋಟವೊಂದನ್ನು ಕುದಿಯುವ ನೀರಲ್ಲಿ ತೊಳೆದು, ಅಂಚಿನವರೆಗೆ ಚಹ ತುಂಬಿ, ಕಿಟಕಿಯ ಕಟ್ಟೆಯ ಮೇಲಿಟ್ಟಳು.

"ಉಡಚಮ್ಮಾ, ಇನ್ಮೇಲೆ ಈ ಲೋಟ ನಿಮ್ಮದು. ನಿಮಗೆ ಅಂತಾನೇ ಬೇರೆ ತೆಗೆದಿಟ್ಟಿದೀನಿ."

ಉಡಚಮ್ಮ ಲೋಟ ನೋಡಿದಳು. ಏನಾದರೂ ತಮಾಷೆ ಮಾಡುತ್ತಾಳೆಂದು ರಶ್ಮಿತಾ ಕಾದಳು. ಮಾಡಲಿಲ್ಲ. ನಿಂತೇ ಕುಡಿದಳು. ರಶ್ಮಿತಾ ಲೋಟಕ್ಕೆ ಕೈ ಚಾಚಿದರೆ, "ಬ್ಯಾಡವ್ವ, ನಾನೇ ತೊಳೀತೀನಿ" ಎಂದಳು. ನಲ್ಲಿಯ ಕೆಳಗೆ ತೊಳೆದು, ಬಚ್ಚಲ ಗೋಡೆಯ ಗೂಡಿನಲ್ಲಿ ಬೋರಲು ಹಾಕಿ, ಪುಟ್ಟಿ ಎತ್ತಿಕೊಂಡು ಹೋದಳು. ಎಷ್ಟು ಸುಲಭವಾಗಿ ಅರ್ಥ ಮಾಡಿಕೊಂಡಳಲ್ಲ ಎಂದು ರಶ್ಮಿತಾಳಿಗೆ ಹಗುರಾಯಿತು.

ಪೂಜೆ ಮುಗಿಸಿ ಹಿತ್ತಲಿಗೆ ಬಂದ ಕಸ್ತೂರಮ್ಮ ಗೂಡಿನ ಮುಂದೆ ಮುಳ್ಳು ತುಳಿದವರಂತೆ ನಿಂತುಬಿಟ್ಟರು.

"ಇದನ್ನ ಇಲ್ಲಿ ಯಾರು ಇಟ್ರು?"

"ಉಡಚಮ್ಮಾನೇ ಅತ್ತೆ. ಕೆಮ್ಮು ಅಂತ ನಾನು ಬೇರೆ ಲೋಟ ಕೊಟ್ಟೆ."

ಕಸ್ತೂರಮ್ಮ ಬಂದ ದಾರಿಯಲ್ಲೇ ಒಳಗೆ ಹೋದರು. ಆ ದಿನ ಚಹ ಕುಡಿಯಲಿಲ್ಲ.

ಮಾರನೆಯ ದಿನ ಉಡಚಮ್ಮ ಬರಲಿಲ್ಲ. ಅದರ ಮಾರನೆಯ ದಿನವೂ ಇಲ್ಲ. ಕಸ್ತೂರಮ್ಮ ಮಾತ್ರ ದಿನವೂ ಕಪ್ಪು ಬಸಿ ಎರಡಕ್ಕೂ ಚಹ ಹೊಯ್ದು ಕೂಡುವರು. ಮನೆಯ ಹಿಂದಿನ ಇನ್ನೊಂದು ಓಣಿಯಲ್ಲಿ "ಪುಂಡೀ..." ಎಂಬ ಕೂಗು ಕೇಳುವುದು. ಮಂಡಕ್ಕಿಗೆ ಹೋದ ಕೈ ಹಾಗೇ ನಿಲ್ಲುವುದು. ಕೂಗು ದೂರವಾದ ಮೇಲೆ ಎರಡನ್ನೂ ನುಗ್ಗೆ ಗಿಡದ ಬುಡಕ್ಕೆ ಚೆಲ್ಲಿ ಒಳಗೆ ಬರುವರು.

ವಾರ ಕಳೆಯುವಷ್ಟರಲ್ಲಿ ರಶ್ಮಿತಾಳಿಗೆ ತಡೆಯಲಾಗಲಿಲ್ಲ. "ಬೈದಾದ್ರೂ ಬಿಡಿ ಅತ್ತೆ. ನಾನೇನು ಮಾಡಿದೆ?"

ಕಸ್ತೂರಮ್ಮ ಬರಿದಾದ ಬಸಿಯನ್ನು ಸೆರಗಿನಿಂದ ಒರೆಸುತ್ತ ಹೇಳಿದರು. "ನಮ್ಮತ್ತೆ ಕಾಲ್ದಾಗೆ ಆ ಗೂಡ್ನಾಗೆ ಒಂದು ಸಿಲ್ವಾರದ ಲೋಟ ಇರ್ತಿತ್ತು. ಉಡಚಿ ಅವ್ವಂದು. ಆಮ್ಯಾಲೆ ಉಡಚಿದು. ನಾವು ಮ್ಯಾಲಿಂದ ಚಾ ಹೊಯ್ಯೋದು, ಲೋಟಕ್ಕೆ ತಾಕದಂಗೆ. ಅವ್ರು ಕುಡ್ದು, ತಾವೇ ತೊಳ್ದು, ಬೋರಲು ಹಾಕಿ ಹೋಗೋದು. ನಾನೂ ಹಂಗೆ ಹೊಯ್ದೀನಿ. ನಮ್ಮತ್ತೆ ಹೋದ ಮ್ಯಾಲೆ ಆ ಲೋಟ ಒಯ್ದು ಹೊಳ್ಯಾಗೆ ಹಾಕಿ ಬಂದೆ. ಈ ಕಪ್ಪು ಬಸಿ ತೆಗ್ದೆ. ಮೊದ್ಲು ಅವ್ಳು ಮುಟ್ಟಾಕೇ ಒಲ್ಲೆ ಅಂದ್ಲು. ಒಂದಿನ ನಾನೇ ಬಸಿ ತಗಂಡು, ಕಪ್ಪು ಅವ್ಳ ಕೈಯಾಗೆ ಇಟ್ಟೆ."

ರಶ್ಮಿತಾ ಗೂಡಿನ ಕಡೆ ನೋಡಿದಳು. "ನಂಗೆ ಇದು ಗೊತ್ತಿರಲಿಲ್ಲ ಅತ್ತೆ."

"ಗೊತ್ತಿಲ್ಲ ಅಂತ ನಂಗೆ ಗೊತ್ತು. ಅವ್ಳಿಗೆ ಯಾರು ಹೇಳ್ತಾರೆ?"

"ನಾನೇ ಸಾರಥಿಗೆ ಹೋಗಿ ಹೇಳ್ತೀನಿ. ನೀವೂ ಬರ್ರಿ ಹಂಗಾದ್ರೆ."

"ಲೋಟ ಇಟ್ಟಿದ್ದು ನಾನಾ?"

ಮಗುವಿಗೆ ಟೋಪಿ, ಅದರ ಮೇಲೊಂದು ಸ್ಕಾರ್ಫು, ಕಾಲುಚೀಲ, ಚೀಲದಲ್ಲಿ ಕುದಿಸಿದ ನೀರು. ಅಷ್ಟೆಲ್ಲ ಹೊತ್ತು ರಶ್ಮಿತಾ ಮೊದಲ ಸಲ ಒಬ್ಬಳೇ ಸಾರಥಿಯ ಬಸ್ಸು ಹತ್ತಿದಳು. ಯಾರು ಕೆಮ್ಮಿದರೂ ಮಗುವಿನ ಮುಖವನ್ನು ಎದೆಗೆ ಒತ್ತಿಕೊಂಡಳು.

ಉಡಚಮ್ಮ ಅಂಗಳದಲ್ಲಿ ಸೊಪ್ಪು ಕಟ್ಟುತ್ತಿದ್ದಳು. "ಅಯ್ಯೋ, ಈ ಥಂಡಿ ಗಾಳಿಯಾಗೆ ಕೂಸು ತಂದೀಯಲ್ಲವ್ವ! ಕೂಡ್ರು, ಕೂಡ್ರು" ಎಂದು ಕಂಬಳಿ ಹಾಸಿದಳು. ಮಗುವನ್ನು ಮಾತ್ರ ಎತ್ತಲಿಲ್ಲ. ಒಳಗೆ ಹೋಗಿ ಒಂದು ಗಾಜಿನ ಲೋಟದಲ್ಲಿ ಚಹ ತಂದಿಟ್ಟು, "ಕುದಿಯೋ ನೀರಾಗೆ ತೊಳ್ದೀನಿ, ಹೆದರ್ಬ್ಯಾಡ" ಎಂದಳು. ನಗುತ್ತಲೇ ಅಂದಳು. ರಶ್ಮಿತಾಳಿಗೆ ಅದು ಚುಚ್ಚಿತು.

"ಬಸಿ ಐತಾ?" ಎಂದು ಕೇಳಿದಳು.

"ನಮ್ಮನ್ಯಾಗೆ ಬಸಿ ಎಲ್ಲಿಂದ ಬರ್ಬೇಕು? ತಟ್ಟೆ ಐತೆ."

"ತಟ್ಟೆನೇ ಕೊಡಿ."

ಅರ್ಧ ಚಹವನ್ನು ತಟ್ಟೆಗೆ ಸುರಿದು, ಲೋಟವನ್ನು ಉಡಚಮ್ಮನ ಕೈಗಿಟ್ಟಳು. ತಟ್ಟೆಯಲ್ಲಿ ಕುಡಿದು ಗೊತ್ತಿಲ್ಲದ ರಶ್ಮಿತಾಳ ಗಲ್ಲದ ಮೇಲೆ ಚಹ ಇಳಿದು, ಸೀರೆಯ ನೆರಿಗೆಯವರೆಗೂ ಹರಿಯಿತು. ಉಡಚಮ್ಮ ತಡೆಯಲಾರದೆ ನಕ್ಕಳು. ನಗು ಕೆಮ್ಮಾಯಿತು. ಮುಖ ತಿರುಗಿಸಿ, ಸೆರಗು ಅಡ್ಡ ಹಿಡಿದು ಕೆಮ್ಮಿದಳು.

"ನಂಗೆ ಆ ಗೂಡಿನ ಕಥೆ ಗೊತ್ತಿರಲಿಲ್ಲ ಉಡಚಮ್ಮಾ. ಕೆಮ್ಮಿಗೆ ಹೆದರಿದೆ, ಅಷ್ಟೇ."

"ಹೆದ್ರಿಕಿ ಇದ್ರೆ, ಕೂಸಿಂದ ದೂರ ಕೂಡ್ರು ಅಂತ ಬಾಯಿಬಿಟ್ಟು ಹೇಳವ್ವ. ನಾನೂ ನಾಕು ಹಡೆದೋಳು, ತಿಳೀತೈತೆ. ಲೋಟ ಬ್ಯಾರೆ ಮಾಡಿದ್ರೆ..." ಎಂದು ಅಲ್ಲಿಗೇ ನಿಲ್ಲಿಸಿ ಮೆಂತ್ಯದ ಕಟ್ಟನ್ನು ಬಿಗಿದಳು.

"ನಾಳೆ ಬರ್ತೀರಾ?"

"ಹರಿಹರಕ್ಕೆ ಬಂದೇ ಬರ್ತೀನಿ. ನಿಮ್ಮ ಓಣಿಗೆ... ನೋಡಾಣ."

ಮರುದಿನ ಕೂಗು ಹಿಂದಿನ ಓಣಿಯಲ್ಲೇ ಕೇಳಿತು. ಆಮೇಲೆ ನಿಂತಿತು. ಕಸ್ತೂರಮ್ಮ ಸೆರಗು ಸರಿಮಾಡಿಕೊಂಡು, ಯಾರನ್ನೂ ಕಾಯದವರಂತೆ ನುಗ್ಗೆ ಗಿಡ ನೋಡುತ್ತ ಕೂತರು. ಹಿತ್ತಲ ಬಾಗಿಲು ಕಿರ್ರೆಂದಿತು.

"ಇವತ್ತು ಬಸಿ ಯಾರ್ದು?" ಅವರು ತಿರುಗದೆಯೇ ಕೇಳಿದರು.

"ನಿಮ್ದು. ಬಿಟ್ಟ ದಿನದ್ದೆಲ್ಲ ಸೇರಿ ಒಂದು ವಾರ ನಿಮ್ದೇ."

"ಭಾರಿ ಐತೆ ನಿನ್ನ ಲೆಕ್ಕ! ಮೊದ್ಲು ಈ ಕಷಾಯ ಕುಡಿ, ಮೆಣಸು ಹಾಕೀನಿ."

ಉಡಚಮ್ಮ ಹಿತ್ತಲಲ್ಲಿ ಆಡುತ್ತಿದ್ದ ಮಗುವಿನಿಂದ ದೂರವೇ ಕೂತಳು. ಪೂಜಾ ಮಾತ್ರ ಅಂಬೆಗಾಲಿಡುತ್ತ ಹೋಗಿ ಪುಟ್ಟಿಯೊಳಗೆ ಕೈ ಹಾಕಿದಳು. ರಶ್ಮಿತಾ ಗೂಡಿನಲ್ಲಿ ಬೋರಲಿದ್ದ ಸ್ಟೀಲಿನ ಲೋಟವನ್ನು ತೆಗೆದು, ತನಗೆ ಚಹ ಬಗ್ಗಿಸಿಕೊಂಡು, ಇಬ್ಬರ ನಡುವೆ ಕಟ್ಟೆಯ ಮೇಲೆ ಕೂತಳು.

"ಅದು ನನ್ನ ಲೋಟ ಅಲ್ಲೇನು ಸಣ್ಣವ್ವ?"

"ಇನ್ಮೇಲೆ ನಂದು."

ಕಸ್ತೂರಮ್ಮ ಸೊಸೆಯ ಲೋಟಕ್ಕೆ ಒಂದು ಹಿಡಿ ಮಂಡಕ್ಕಿ ಸುರಿದರು. ಅಷ್ಟರಲ್ಲಿ ಪೂಜಾ ಒಂದು ಎಸಳು ಮೆಂತ್ಯ ಬಾಯಿಗಿಟ್ಟಿದ್ದಳು.

"ಅಯ್ಯೋ, ಆ ಸೊಪ್ಪು ತೊಳೆದಿದ್ದಾ?" ರಶ್ಮಿತಾ ಅರ್ಧ ಎದ್ದಳು.

ಮುದುಕಿಯರಿಬ್ಬರೂ ಒಟ್ಟಿಗೇ ನಕ್ಕರು. ಕಸ್ತೂರಮ್ಮ ಮಗುವಿನ ಬಾಯಿಂದ ಎಸಳು ತೆಗೆದು, ಇನ್ನೊಂದು ಕೈಯಿಂದ ಸೊಸೆಯ ಭುಜ ಒತ್ತಿ ಕೂರಿಸಿದರು. ರಶ್ಮಿತಾ ಲೋಟ ಎತ್ತಿದಳು. ತಾಯಿಯಾದ ಮೇಲೆ ಮೊದಲ ಸಲ ಅವಳ ಚಹ ತುಟಿ ಸುಡುವಷ್ಟು ಬಿಸಿಯಿತ್ತು.