ದೊರೆಗೆ ಸಿಹಿ ತಿನ್ನಿಸುವವರು ಯಾರು?

ಕಟ್ಟೆಮಳಲವಾಡಿಯ ಚೆಲುವರಾಜು ಹುಟ್ಟಿದ ಗಳಿಗೆಯಲ್ಲೇ ಸೂಲಗಿತ್ತಿಯನ್ನು ಅನುಮಾನದಿಂದ ನೋಡಿದವನು. ಅವನ ನಾಯಿ ದೊರೆ ಎಷ್ಟು ದಪ್ಪವೆಂದರೆ, ಅದು ಬೀದಿಯಲ್ಲಿ ಮಲಗಿದರೆ ಹುಣಸೂರಿನ ಬಸ್ಸು ಹೊಲಕ್ಕಿಳಿದು ಸುತ್ತಿಕೊಂಡು ಹೋಗಬೇಕಿತ್ತು. ಪಶುವೈದ್ಯರು ಅದರ ರಕ್ತ ಪರೀಕ್ಷಿಸಿ, "ಸಕ್ಕರೆ ಕಾಯಿಲೆ ಕಣ್ರೀ. ಇಂಜೆಕ್ಷನ್ ಜೊತೆಗೆ ಬೇಯಿಸಿದ ಕೋಳಿ, ಬೀನ್ಸು ಅಳೆದು ಹಾಕಿ. ಸಿಹಿ ಮುಟ್ಟಿಸಿದ್ರೆ ಕಣ್ಣು ಹೋಗುತ್ತೆ" ಎಂದರು.

ಚೆಲುವರಾಜು ಹಾಗೆಯೇ ನಡೆದುಕೊಂಡ. ಸಕ್ಕರೆ ಮಾತ್ರ ಇಳಿಯಲಿಲ್ಲ. ಯಾರೋ ಕದ್ದು ತಿನ್ನಿಸುತ್ತಿದ್ದಾರೆಂದು ಅವನಿಗೆ ಖಾತ್ರಿಯಾಯಿತು. ಟೀ ಅಂಗಡಿಯವನ ಕೈ ಮೂಸಿದ, ಪಕ್ಕದ ಮನೆಯ ಮಕ್ಕಳ ಜೇಬು ತಡಕಿದ. ಕೊನೆಗೆ ಹೆಂಡತಿ ಸಾಕಮ್ಮನನ್ನೇ ಹಿಡಿದು, "ನೀನೇ ಆಕ್ತಿದ್ದೀಯ ಕಣೇ" ಎಂದ.

"ನಿಮ್ಗೇ ಎರಡ್ನೇ ಸಲ ಉಪ್ಪಿಟ್ಟು ಬಡಿಸ್ದೋಳಲ್ಲ, ನಾಯಿಗೆ ಬೆಲ್ಲ ಆಕ್ತೀನಾ?" ಎಂದಳು ಅವಳು.

ಮರುದಿನ ಬೆಳಿಗ್ಗೆ ಎಂದಿನಂತೆ, ತೀರಿಹೋದ ತಾಯಿಯ ಹೆಸರಿನಲ್ಲಿ ಕಾಗೆಗೆಂದು ಬೆಲ್ಲದನ್ನವನ್ನು ಎಲೆಯಲ್ಲಿ ಹಿತ್ತಿಲ ಗೋಡೆಯ ಮೇಲಿಟ್ಟು, ಕದ್ದು ತಿನ್ನಿಸುವವರನ್ನು ಹಿಡಿಯಲು ಹುಲ್ಲಿನ ಮೆದೆಯ ಹಿಂದೆ ಕಾವಲು ಕೂತ. ಅವ್ವ ದಿನವೂ ಕಾಗೆಯಾಗಿ ಬಂದು ಎಲೆ ತೊಳೆದಿಟ್ಟ ಹಾಗೆ ಉಣ್ಣುತ್ತಾಳೆಂದು ಊರಿಗೆಲ್ಲ ಹೇಳಿಕೊಂಡು ತಿರುಗಿದವನು ಅವನು. ಸ್ವಲ್ಪ ಹೊತ್ತಿಗೆ ದೊರೆ ಒಗೆಯುವ ಕಲ್ಲು ಹತ್ತಿ, ಗೋಡೆಗೆ ಮುಂಗಾಲು ಕೊಟ್ಟು, ಎಲೆ ನೆಕ್ಕತೊಡಗಿತು.

ಹಿಂದಿನಿಂದ ಸಾಕಮ್ಮನ ದನಿ ಬಂತು: "ನೋಡ್ಕಳಿ, ನಿಮ್ಮವ್ವ ಬಾಲ ಅಲ್ಲಾಡಿಸ್ಕಂಡು ಉಣ್ತಾವ್ರೆ!"

ಅಂದಿನಿಂದ ಎಡೆ ಮನೆಯ ಮಾಡಿನ ಹೆಂಚಿನ ಮೇಲಕ್ಕೆ ಹೋಯಿತು. ದೊರೆಯ ಸಕ್ಕರೆ ಇಳಿಯಿತು, ಕಣ್ಣು ಉಳಿಯಿತು. ಚೆಲುವರಾಜು ಈಗ ಕಾಗೆಯನ್ನು ದಿಟ್ಟಿಸುತ್ತಾನೆ: "ಯಾಕೋ ಇದೂ ದಪ್ಪಾಗ್ತಾ ಐತೆ ಕಣೇ. ಡಾಕ್ಟ್ರಿಗೆ ತೋರಿಸ್ಬೇಕು."