ಮಷೀನು ನಿಂತ ಜಾಗ

ಶಹಾಬಾದಿನ ನಮ್ಮ ಮನೆಯ ನೆಲದ ಮೇಲೆ ನಡೆಯುವುದನ್ನು ಹೊಸಬರು ಒಂದು ವಾರವಾದರೂ ಕಲಿಯಬೇಕಿತ್ತು. ಸೊಸೆಯಾಗಿ ಬಂದ ಮೂರನೆಯ ದಿನ ನಾನು ಚಹಾದ ತಟ್ಟೆ ಹಿಡಿದುಕೊಂಡೇ ಜಾರಿ ಕೂತುಬಿಟ್ಟೆ. ಕಪ್ಪುಗಳು ಒಡೆದು ಮೂಲೆಮೂಲೆಗೆ ಹೋದವು. ಒಳಗಿನಿಂದ ಅತ್ತೆ ಓಡಿ ಬಂದರು, ಹೊರಗಿನಿಂದ ಮಾವ ಬಂದರು. ಅತ್ತೆ ನನ್ನ ಸೊಂಟ ಮುಟ್ಟಿ ನೋಡಿದರು. ಮಾವ ಬಗ್ಗಿ ನೆಲ ಮುಟ್ಟಿ ನೋಡಿದರು.

"ಗೀರು ಬಿದ್ದಿಲ್ಲ, ಪುಣ್ಯ" ಎಂದರು ಮಾವ.

"ಇವರ ಮಾತು ಮನಸಿಗೆ ಹಚ್ಕೋಬ್ಯಾಡ ತಂಗಿ. ಈ ಮನ್ಯಾಗ ಮಂದಿ ಬಿದ್ರ ನಡೀತದ, ಫರ್ಸಿಗೆ ಏನೂ ಆಗಬಾರದು" ಎಂದು ಅತ್ತೆ ನನ್ನನ್ನು ಎಬ್ಬಿಸಿದರು.

ಮಾವ ನೆಲಕ್ಕೆ ಹಾಸುವ ಫರ್ಸಿ ಕಲ್ಲಿಗೆ ಪಾಲಿಶ್ ಮಾಡುವ ಕೆಲಸದವರು. ಹದಿನಾಲ್ಕನೆಯ ವಯಸ್ಸಿಗೆ ಹಿಡಿದ ಕೆಲಸ. ಮೂಲೆ ಮುರಿದದ್ದೆಂದೋ ಬಣ್ಣ ಹೊಂದಲಿಲ್ಲವೆಂದೋ ಮಾಲೀಕರು ಬದಿಗೆ ಸರಿಸಿದ ಕಲ್ಲುಗಳನ್ನು ಕೇಳಿ ತಂದು, ರವಿವಾರಕ್ಕೊಂದರಂತೆ ಉಜ್ಜಿ, ಮನೆಯ ನೆಲವನ್ನು ತಾವೇ ಹಾಸಿದ್ದರು. ನಡುಮನೆ ಮುಗಿಯುವುದಕ್ಕೆ ಎರಡು ಮಳೆಗಾಲ ಹಿಡಿಯಿತಂತೆ. ಅದರಲ್ಲೆಲ್ಲ ಚೊಕ್ಕವಾದದ್ದು ಹಿತ್ತಲ ಬಾಗಿಲ ಒಳಗೆ ಹಾಸಿದ ಒಂದು ದೊಡ್ಡ ಕಲ್ಲು. ಎಲ್ಲಿಯೂ ಮುರಿಯದ, ನೀಲಿಗಪ್ಪಿನ, ಇಡೀ ಕಲ್ಲು. ಬೆಳಿಗ್ಗೆ ಹಿತ್ತಲ ಬಾಗಿಲು ತೆರೆದರೆ ಬಿಸಿಲು ನೇರ ಅದರ ಮೇಲೆ ಬಿದ್ದು, ಅಲ್ಲಿಂದೆದ್ದು, ಮಾಳಿಗೆಯ ಒಳಮೈಯಲ್ಲಿ ಮೊರದಗಲದ ಬೆಳಕಾಗಿ ನಿಲ್ಲುತ್ತಿತ್ತು. ನಾನು ನೆಲ ಒರೆಸಿದ ಕೂಡಲೇ ಆ ಬೆಳಕು ಸ್ವಲ್ಪ ಅಲುಗಾಡುತ್ತಿತ್ತು. ಮಾವ ಚಹಾ ಕುಡಿಯುತ್ತ ಕತ್ತು ಮೇಲಕ್ಕೆತ್ತಿ ಅದನ್ನು ನೋಡುವರು. "ಇವತ್ತ ಛಲೋ ಬಿದ್ದದ" ಎನ್ನುವರು, ಮಳೆ ಬಿದ್ದದ್ದನ್ನು ಹೇಳಿದ ಹಾಗೆ.

ಅತ್ತೆಗೆ ಆ ಬೆಳಕಿನ ಕಡೆ ನೋಡಲು ಹೊತ್ತಿರಲಿಲ್ಲ. ಅಷ್ಟೊತ್ತಿಗೆ ಅವರು ಹಿತ್ತಲಲ್ಲಿ ಇರುತ್ತಿದ್ದರು. ನಳದ ನೀರು ಬರುವ ವೇಳೆ ಅದು. ಹಿತ್ತಲಲ್ಲಿ ಕಾಂಪೌಂಡ್ ಗೋಡೆಗೆ ಹೊಂದಿಕೊಂಡು ಅವರ ಒಗೆಯುವ ಕಲ್ಲಿತ್ತು. ಮನೆಯಲ್ಲಿ ಪಾಲಿಶ್ ಕಾಣದ ಕಲ್ಲು ಅದೊಂದೇ. ಖಣಿಯಿಂದ ಎದ್ದು ಬಂದ ಹಾಗೆಯೇ ಒರಟು ಒರಟು. ಅತ್ತೆ ಒಗೆಯುವುದರಲ್ಲಿ ಒಂದು ಲೆಕ್ಕವಿತ್ತು. ಎರಡು ಪೆಟ್ಟು, ಆಮೇಲೆ ಒಂದು ತಡೆ. ಮತ್ತೆ ಎರಡು ಪೆಟ್ಟು, ಒಂದು ತಡೆ. ಗೋಡೆಯ ಆಚೆ ಮನೆಯ ಖಾಲಾ ಆ ಸಪ್ಪಳ ಕೇಳಿಯೇ ತಮ್ಮ ಮನೆಯವರಿಗೆ ನಾಷ್ಟಾ ಹಾಕುತ್ತಿದ್ದರು. ಎಂದಾದರೂ ತಡವಾದರೆ ಗೋಡೆಯ ಮೇಲೆ ಅವರ ಮುಖ ಕಾಣುತ್ತಿತ್ತು. "ಏನ್ ಬಾಯಿ, ಇವತ್ತ ನಿಮ್ಮ ಗಡಿಯಾರ ನಿಂತದೇನು?"

ಎಂಬತ್ತರ ದಶಕದ ನಡುವೆ ಅತ್ತೆಯ ಬಲ ಭುಜ ಹಿಡಿದುಕೊಂಡಿತು. ಕೈ ತಲೆಯ ಮೇಲಕ್ಕೆ ಏಳದಾಯಿತು. ನಾನು ಆಗ ಹೆಣ್ಣುಮಕ್ಕಳ ಸಾಲೆಯಲ್ಲಿ ಕಲಿಸುತ್ತಿದ್ದೆ. ಮನೆಯಲ್ಲಿ ಸಣ್ಣ ಕೂಸು. ಸಾಲೆ ಬಿಟ್ಟು ಬಂದು ಬಟ್ಟೆಯ ಗುಡ್ಡೆ ನೋಡಿದರೆ ನನಗೆ ಅಳು ಬರುವುದು. ನಮ್ಮವರು ವಾಡಿಯ ಕಾರ್ಖಾನೆಗೆ ದಿನಾ ರೈಲಿನಲ್ಲಿ ಹೋಗಿ ಬರುತ್ತಿದ್ದರು. ಬಟ್ಟೆ ಒಗೆಯುವ ಮಷೀನು ಬೇಕೆಂದು ಅವರ ಬೆನ್ನು ಬಿದ್ದವಳು ನಾನೇ. ಅದನ್ನು ಇಲ್ಲಿ ಬಚ್ಚಿಡುವುದಿಲ್ಲ.

ಮಷೀನು ಹೈದರಾಬಾದಿನಿಂದ ಬಂತು. ಸ್ಟೇಷನ್ನಿನಿಂದ ತಳ್ಳುಗಾಡಿಯಲ್ಲಿ ಮನೆಗೆ ತಂದರು. ಒಂದು ಕಡೆ ಒಗೆಯುವುದು, ಇನ್ನೊಂದು ಕಡೆ ಹಿಂಡುವುದು. ಎಲ್ಲಿ ಇಡುವುದೆಂಬ ಮಾತು ಅದು ಬಾಗಿಲ ಮುಂದೆ ಇಳಿದ ಮೇಲೆಯೇ ಎದ್ದಿತು. ಬಚ್ಚಲಲ್ಲಿ ಇಡೋಣವೆಂದರೆ ಹಂಡೆಯ ಒಲೆಯ ಹೊಗೆ, ಸಾಲದ್ದಕ್ಕೆ ಕರೆಂಟಿನ ಪ್ಲಗ್ ಇಲ್ಲ. ಅಡುಗೆಮನೆ ಎಂದು ನಾನು ಬಾಯಿ ತೆರೆಯುವುದರೊಳಗೆ ಅತ್ತೆ, "ಅಡಗಿಮನ್ಯಾಗ ದೇವರು ಕುಂತಾನ. ಅವನ ಮುಂದ ಮೈಲಿಗಿ ಅರಿವಿ ತಿರುಗಸ್ತೀಯೇನು?" ಎಂದರು. ಕೊನೆಗೆ ನಡುಮನೆಯ ಗೋಡೆಗೆ ಹಚ್ಚಿ ನಿಲ್ಲಿಸಿದರು. ಖಾಲಾ ಕೂಡ ನೋಡಲು ಬಂದರು.

ಒಗೆಯುವಷ್ಟು ಹೊತ್ತು ಅದು ಮರ್ಯಾದೆಯಿಂದ ಇತ್ತು. ಹಿಂಡುವ ಗುಂಡಿ ತಿರುಗಿಸಿದೆವು ನೋಡಿ, ಗಡಗಡ ನಡುಗಿ, ನಡೆಯತೊಡಗಿತು. ಕನ್ನಡಿಯಂಥ ನೆಲ, ಮೇಲೆ ನಾಲ್ಕು ಹನಿ ಸಾಬೂನು ನೀರು. ಹಗ್ಗ ಜಗ್ಗುವ ಕರುವಿನಂತೆ ವೈರು ಜಗ್ಗುತ್ತ ನಡುಮನೆಯ ಮಧ್ಯದವರೆಗೆ ಬಂತು. ಪ್ಲಗ್ ಕಿತ್ತು ಬಿದ್ದ ಮೇಲೆ ನಿಂತಿತು.

ಖಾಲಾ ಸೆರಗಿನಿಂದ ಬಾಯಿ ಮುಚ್ಚಿಕೊಂಡು, "ಸೊಸಿಗಿಂತ ಇದೇ ಛಲೋ ನಡೀತದ. ಬೀಳಲಿಲ್ಲ ನೋಡು" ಎಂದರು.

ಕೆಳಗೆ ಗೋಣಿತಟ್ಟು ಹಾಕಿದೆವು. ತೊಯ್ದ ಗೋಣಿತಟ್ಟಿನ ಸಮೇತ ನಡೆಯಿತು. ನಮ್ಮವರು ಸೈಕಲ್ ಟ್ಯೂಬ್ ಕತ್ತರಿಸಿ ಕಾಲುಗಳಿಗೆ ಕಟ್ಟಿದರು. ಒಂದು ದಿನ ನಿಂತಿತು, ಮರುದಿನ ಸಾಬೂನು ಹೊಕ್ಕು ಮೊದಲಿಗಿಂತ ಜೋರಾಗಿ ಹೊರಟಿತು. ಕೊನೆಗೆ ಅವರು ಅದರ ಮೇಲೆ ಹತ್ತಿ ಕೂತರು. ಕೂತರೆ ನಿಲ್ಲುತ್ತಿತ್ತು. ಮಾವ ನೋಡಿ, "ದಿನಾ ಇದರ ಮ್ಯಾಲ ಕುಂತ್ರ ವಾಡಿಗಾಡಿ ನಿನಗಾಗಿ ನಿಂದ್ರತದೇನು?" ಎಂದರು.

ಆ ರಾತ್ರಿ ಊಟಕ್ಕೆ ಕೂತಾಗ ನಾನು ಹೇಳಿದೆ: "ಹಿತ್ತಲದಾಗ ಅತ್ತಿಯವರ ಕಲ್ಲದಲ್ಲ, ಅದರ ಮ್ಯಾಲ ಇಡಮು. ಒರಟು ಕಲ್ಲು, ಜಾರಂಗಿಲ್ಲ. ನೀರೂ ಅಲ್ಲೇ ಹೋಗ್ತದ. ಹ್ಯಾಂಗೂ ಅತ್ತಿಯವರಿಗೆ ಇನ್ನ ಒಗೀಲಿಕ್ಕೆ ಆಗಂಗಿಲ್ಲ."

ನಮ್ಮವರಿಗೆ ಅದು ಸರಿ ಎನ್ನಿಸಿತು. ಮೇಲೆ ತಗಡು ಹೊದಿಸಿದರಾಯಿತು, ಮುಂದಿನ ವಾರ ತರಿಸುತ್ತೇನೆ ಎಂದರು. ಮಾವ ರೊಟ್ಟಿ ಮುರಿಯುತ್ತಿದ್ದರು. ಅತ್ತೆ ನನಗೆ ಇನ್ನೊಂದು ಸೌಟು ಪಲ್ಯ ಹಾಕಿದರು.

ಮರುದಿನ ಬೆಳಿಗ್ಗೆ ಹಿತ್ತಲಿನಿಂದ ಸಪ್ಪಳ ಬಂತು. ಹೋಗಿ ನೋಡಿದರೆ ಅತ್ತೆ ಎಡಗೈಯಿಂದ ಒಗೆಯುತ್ತಿದ್ದಾರೆ. ಒಂದೇ ಪೆಟ್ಟು, ಆಮೇಲೆ ಉದ್ದ ತಡೆ.

"ಬಿಡ್ರಿ ಅತ್ತಿ, ನಾ ಸಾಲಿಯಿಂದ ಬಂದು ಒಗೀತೀನಿ."

"ಇವತ್ತೊಂದಿನ ಒಗೀತೀನಿ ತಂಗಿ. ಆಮ್ಯಾಲ ಮಷೀನ್ ಕುಂದ್ರತದಲ್ಲ."

ಮರುದಿನವೂ "ಇವತ್ತೊಂದಿನ" ಎಂದರು. ಅದರ ಮರುದಿನವೂ. ಒಗೆಯಲು ಅರಿವೆ ಇಲ್ಲದ ದಿನ ಒಗೆದದ್ದನ್ನೇ ತಂದು ತೊಯಿಸಿದ್ದು ನನ್ನ ಕಣ್ಣಿಗೆ ಬಿತ್ತು.

ಗೋಡೆಯಾಚೆಯಿಂದ ಖಾಲಾ ನನ್ನನ್ನು ಕರೆದದ್ದು ಆವತ್ತೇ. "ಆ ಕಲ್ಲಿನ ಮ್ಯಾಲ ಮಷೀನ್ ಇಡ್ತೀರಂತ?" ಎಂದರು. ಹೌದೆಂದೆ.

"ನಿಮ್ಮತ್ತಿ ಮದಿವ್ಯಾಗಿ ಬಂದಾಗ ನಾನೂ ಹೊಸಾಕಿ. ಅಕಿ ಅರಿವಿ ಒಗೀಲಿಕ್ಕೆ ಕುಂತ್ರ ಅಳ್ತಿದ್ಲು. ನಾ ಕೇಳ್ದೆ, ಅತ್ತಿ ಹೊಡೀತಾಳೇನು ಅಂತ. ಅದಲ್ಲ, ನಮ್ಮೂರಾಗ ಹೊಳಿ ಅದ, ಇಲ್ಲಿ ಬಕೀಟಿನ್ಯಾಗ ಒಗೀಬೇಕು ಅಂತಂದ್ಲು."

ಅತ್ತೆಯ ತವರು ಚಿಂಚೋಳಿಯ ಕಡೆ, ಚಂದಾಪುರ ದಾಟಿ ಹೋಗಬೇಕು. ಮುಲ್ಲಾಮಾರಿ ಹೊಳೆಯ ದಂಡೆ. ತಾಯಿ ತಂದೆ ತೀರಿಕೊಂಡ ಮೇಲೆ ಅವರು ಆ ಕಡೆ ಹೋದದ್ದೇ ಇಲ್ಲ. ಇಷ್ಟು ನನಗೆ ಗೊತ್ತಿತ್ತು. ಗೊತ್ತಿರದದ್ದನ್ನು ಖಾಲಾ ಹೇಳಿದರು. ಹೆಂಡತಿ ಅಳುವುದು ಕಿವಿಗೆ ಬಿದ್ದು ಮಾವ ಖಣಿಯಿಂದ ಒಂದು ಕಲ್ಲು ಬಂಡಿಯಲ್ಲಿ ತಂದರಂತೆ. ಪಾಲಿಶ್ ಮಾಡಲು ಕೂತರಂತೆ. ಅದುವರೆಗೆ ಗಂಡನೊಡನೆ ಎದುರು ನಿಂತು ಮಾತಾಡದಿದ್ದ ಹುಡುಗಿ ಬಂದು, "ಅದನ್ನ ನುಣ್ಣಗ ಮಾಡಬ್ಯಾಡ್ರಿ, ಹೊಳಿ ಕಲ್ಲು ಹಿಂಗೇ ಇರ್ತದ" ಎಂದಳಂತೆ.

"ಎರಡು ಪೆಟ್ಟು ಹೊಡೆದು ತಡೀತಾಳಲ್ಲ, ಯಾಕಂತ ಗೊತ್ತದೇನು?" ಎಂದರು ಖಾಲಾ. "ಹೊಳ್ಯಾಗ ಒಗಿಯೋರು ಎರಡು ಪೆಟ್ಟು ಹೊಡೆದು ಅರಿವಿ ನೀರಿಗೆ ಬಿಡ್ತಾರ. ಹರಿಯೋ ನೀರು ಅದನ್ನ ಜಗ್ಗತದ. ಇಲ್ಲಿ ನೀರೆಲ್ಲಿ ಹರೀತದ? ಆದ್ರೂ ಅಕಿ ಕೈ ತಡೀತದ."

ನಾನು ಸಾಲೆಗೆ ಹೋದೆ. ಹುಡುಗಿಯರಿಗೆ ಮಗ್ಗಿ ಹೇಳಿಸುತ್ತ ನಿಂತವಳಿಗೆ ಮಗ್ಗಿ ತಪ್ಪಿತು. ತಗಡು ಬೇಡವೆಂದು ನಮ್ಮವರಿಗೆ ಹೇಳಬೇಕು ಎಂದುಕೊಂಡೆ. ಆದರೆ ಮತ್ತೆ ಮಷೀನು ಎಲ್ಲಿ? ವಾಪಸು ಕಳಿಸೋಣ ಎನ್ನುವಷ್ಟು ದೊಡ್ಡ ಮನಸ್ಸು ನನಗೆ ಬರಲಿಲ್ಲ. ಎರಡು ದಿನ ಹೇಳದೆಯೇ ಕಳೆದೆ.

ರವಿವಾರ ಬೆಳಿಗ್ಗೆ ಚಹಾ ತಂದರೆ ಮಾವ ತಮ್ಮ ಜಾಗದಲ್ಲಿ ಇರಲಿಲ್ಲ. ಹಿತ್ತಲ ಬಾಗಿಲ ಒಳಗೆ, ಆ ನೀಲಿಗಪ್ಪಿನ ಕಲ್ಲಿನ ಮುಂದೆ ಮಂಡಿಯೂರಿ ಕೂತಿದ್ದರು. ಪಕ್ಕದಲ್ಲಿ ಉಳಿ, ಸುತ್ತಿಗೆ. ಮಷೀನಿನ ಕಾಲುಗಳ ಅಳತೆಯನ್ನು ದಾರದಲ್ಲಿ ತೆಗೆದುಕೊಂಡು ಬಳಪದಿಂದ ನಾಲ್ಕು ಗುರುತು ಹಾಕಿದ್ದರು. ಮಾಳಿಗೆಯ ಮೇಲೆ ಬೆಳಕು ಎಂದಿನಂತೆ ಬಿದ್ದಿತ್ತು. ಅವರು ಒಮ್ಮೆ ಅದನ್ನು ನೋಡಿದರು. ಆಮೇಲೆ ಉಳಿ ಇಟ್ಟು ಹೊಡೆದರು.

ಸಪ್ಪಳಕ್ಕೆ ಹಿತ್ತಲಿನಿಂದ ಅತ್ತೆ ತೊಯ್ದ ಕೈಯಲ್ಲೇ ಬಂದರು. ಬಾಗಿಲಲ್ಲಿ ನಿಂತುಬಿಟ್ಟರು.

"ಏನ್ರಿ, ತಲಿ ಕೆಟ್ಟದೇನು ನಿಮಗ?"

"ಬೀಸೋ ಕಲ್ಲು ಸವದು ನುಣ್ಣಗಾದ್ರ ಮುಳ್ಳು ಹೊಡಸ್ತೀಯಿಲ್ಲ? ಹಂಗ."

"ಅದೇನು ಬೀಸೋ ಕಲ್ಲೇನ್ರಿ?"

"ಮಷೀನ್ ನಿಂದ್ರಬೇಕಲ್ಲ."

"ಹಿತ್ತಲದಾಗ ಇಡ್ತೀವಂತ ಹುಡುಗ್ರು ಅಂದಾರಲ್ಲ."

"ಹಿತ್ತಲದಾಗ ಜಾಗ ಇಲ್ಲ" ಎಂದರು ಮಾವ.

ಎರಡು ಎಮ್ಮೆ ಕಟ್ಟುವಷ್ಟು ಹಿತ್ತಲು ನಮ್ಮದು. ಅತ್ತೆ ಹೊರಳಿ ಅದರ ಕಡೆ ನೋಡಿದರು. ಸೆರಗಿಗೆ ಕೈ ಒರೆಸಿಕೊಂಡು ನನ್ನ ಕೈಯಿಂದ ಚಹಾದ ಕಪ್ಪು ತೆಗೆದುಕೊಂಡರು, ಮಾವನ ಪಕ್ಕದಲ್ಲಿ ನೆಲಕ್ಕೆ ಇಟ್ಟರು. ಕಲ್ಲಿನ ಪುಡಿ ಅದರಲ್ಲಿ ಬೀಳದ ಹಾಗೆ ಮೇಲೆ ತಮ್ಮ ಅಂಗೈ ಹಿಡಿದು, ಅವರು ಮುಗಿಸುವವರೆಗೆ ಅಲ್ಲೇ ಕೂತರು. ಚಹಾ ತಣ್ಣಗಾಯಿತು.

ಅಂಗೈಯಗಲದ ನಾಲ್ಕು ಒರಟು ಗುರುತು. ಸಂಜೆ ಮಷೀನನ್ನು ಅಲ್ಲಿಗೆ ಸರಿಸಿ ನಾಲ್ಕು ಕಾಲು ಅವುಗಳ ಮೇಲೆ ಕೂರಿಸಿದೆವು. ಕೊಳವೆ ಹೊಸಿಲ ಮೇಲಿಂದ ಹಿತ್ತಲ ಮೋರಿಗೆ ಹೋಯಿತು. ಹಿಂಡುವ ಗುಂಡಿ ತಿರುಗಿಸಿ ಎಲ್ಲರೂ ಒಂದು ಹೆಜ್ಜೆ ಹಿಂದೆ ಸರಿದೆವು. ನಡುಗಿತು, ಗುಡುಗಿತು, ನಿಂತಲ್ಲಿಯೇ ನಿಂತಿತು.

ಮರುದಿನ ಬಾಗಿಲು ತೆರೆದಾಗ ಬಿಸಿಲು ಮಷೀನಿನ ಬೆನ್ನಿಗೆ ಬಡಿಯಿತು. ಮಾಳಿಗೆಯ ಮೇಲೆ ಏನೂ ಇರಲಿಲ್ಲ. ಮಾವ ಅಭ್ಯಾಸದಿಂದ ಕತ್ತೆತ್ತಿದರು, ಇಳಿಸಿದರು. ನಾಲ್ಕೈದು ದಿನ ಹಾಗೆ ಮಾಡಿದರು. ಆಮೇಲೆ ಚಹಾ ಕುಡಿಯಲು ಹಿತ್ತಲ ಮೆಟ್ಟಿಲಿಗೆ ಹೋಗಿ ಕೂರತೊಡಗಿದರು. ಅತ್ತೆ ದಪ್ಪ ಅರಿವೆಗಳನ್ನು ಮಷೀನಿಗೆ ಬಿಟ್ಟುಕೊಟ್ಟು ತಮ್ಮದೊಂದು ಸೀರೆ, ಮಾವನ ಧೋತರ, ಕೂಸಿನ ಅಂಗಿಗಳನ್ನು ಮಾತ್ರ ಕಲ್ಲಿನ ಮೇಲೆ ಒಗೆಯುತ್ತಿದ್ದರು. ಎಡಗೈಗೂ ನಿಧಾನಕ್ಕೆ ಎರಡು ಪೆಟ್ಟು ಬಂದವು. ಮೆಟ್ಟಿಲ ಮೇಲಿನವರೂ ಕಲ್ಲಿನ ಹತ್ತಿರದವರೂ ಹೆಚ್ಚು ಮಾತಾಡಿದ್ದನ್ನು ನಾನು ಕೇಳಿಲ್ಲ. ಒಳಗೆ ಅಕ್ಕಿ ಆರಿಸುತ್ತ ಮಷೀನಿನ ಗದ್ದಲ ಮುಗಿಯುವುದನ್ನೇ ಕಾಯುತ್ತಿದ್ದೆ. ಅದು ನಿಂತರೆ ಹಿತ್ತಲ ಸಪ್ಪಳ ಕೇಳುತ್ತಿತ್ತು.

ಈಗ ಅವರಿಬ್ಬರೂ ಇಲ್ಲ. ಆ ಮಷೀನೂ ಹೋಯಿತು. ಆಮೇಲೆ ಬಂದದ್ದಕ್ಕೆ ಬಚ್ಚಲಲ್ಲಿ ಜಾಗವಾಗಿದೆ. ಹಿತ್ತಲ ಬಾಗಿಲ ಕಲ್ಲು ಮತ್ತೆ ಬರಿದಾಗಿ ಬೆಳಕು ಮಾಳಿಗೆಗೆ ಏರುತ್ತದೆ, ಒಳಗೆ ನಾಲ್ಕು ಕಪ್ಪು ಚುಕ್ಕಿ ಇಟ್ಟುಕೊಂಡು. ನೆಲ ಒರೆಸುವಾಗ ಆ ನಾಲ್ಕು ಕಡೆ ಅರಿವೆ ಸಿಕ್ಕಿಕೊಳ್ಳುತ್ತದೆ. ಬಿಡಿಸಿಕೊಂಡು ಮುಂದೆ ಹೋಗುತ್ತೇನೆ. ಪಾಲಿಶ್ ಮಾಡಿಸಿದರೆ ಹೋಗುತ್ತದೆ ಎಂದು ಬಂದವರು ಹೇಳುತ್ತಾರೆ. ಹೌದು ಎನ್ನುತ್ತೇನೆ.

ರವಿವಾರ ನನ್ನದೊಂದು ಸೀರೆಯನ್ನು ಅತ್ತೆಯ ಕಲ್ಲಿಗೆ ಒಯ್ಯುತ್ತೇನೆ. ಖಾಲಾಗೆ ಈಗ ಕಿವಿ ಮಂದ, ಆದರೂ ಗೋಡೆಯಾಚೆಯಿಂದ, "ಅಕಿ ಹಂಗ ಬರವಲ್ದು ನಿನಗ" ಎನ್ನುತ್ತಾರೆ. ಎರಡು ಪೆಟ್ಟು ಬರುತ್ತವೆ. ಆಮೇಲೆ ಎಷ್ಟು ಹೊತ್ತು ತಡೆಯಬೇಕು ಎಂಬುದು ಮಾತ್ರ ನನ್ನ ಕೈಗೆ ಇನ್ನೂ ತಿಳಿದಿಲ್ಲ.