ಕೇದಾರದಿಂದ ಬಂದ ಮುಳ್ಳುಗಿಡ

ಭಾವ ನಾಳೆ ಮಗನ ಜೊತೆ ದಾವಣಗೆರೆಯ ಆಸ್ಪತ್ರೆಯಿಂದ ಮನೆಗೆ ಬರುತ್ತಾರೆ ಎಂದು ಅಕ್ಕ ಬೆಳಿಗ್ಗೆ ಫೋನ್ ಮಾಡಿದಳು. ಆಮೇಲೆ ದನಿ ತಗ್ಗಿಸಿ, "ಅವ್ರ ಗಿಡ ಒಣಗೈತಿ. ಅವ್ರು ಬರೋದ್ರೊಳಗೆ ಬಂದು ನೋಡು" ಎಂದಳು. ಸೊರಬದಿಂದ ಅಕ್ಕನ ಊರು ಶಿಕಾರಿಪುರದವರೆಗೂ ಬಸ್ಸಿನಲ್ಲಿ ಒಂದೇ ವಿಷಯಕ್ಕೆ ಒದ್ದಾಡಿದೆ: ಹೋದ ವರ್ಷವೂ ಅದು ಎಲೆ ಉದುರಿಸಿತ್ತೇ? ಬೋಳು ಕಡ್ಡಿಗಳು ಕಣ್ಣಿಗೆ ಕಟ್ಟುತ್ತವೆ. ಅವು ಅಕ್ಕನ ಹಿತ್ತಿಲಿನವೋ, ಸಸ್ಯಶಾಸ್ತ್ರ ಓದುವಾಗ ಕಾಲೇಜಿನಲ್ಲಿ ಒಣಗಿಸಿ ಹಾಳೆಗೆ ಅಂಟಿಸಿದವೋ, ಹೇಳಲಾರೆ.

ಅದು ಹಿಮಾಲಯದ ಕಾಡುಗಿಡ, ಬರ್ಬೆರಿಸ್. ಆಯುರ್ವೇದದವರು ದಾರುಹರಿದ್ರಾ, ಅಂದರೆ ಮರದರಿಶಿನ, ಎನ್ನುತ್ತಾರೆ. ಕೇದಾರಕ್ಕೆ ಹೋದಾಗ ಭಾವ ದಾರಿಬದಿಯ ಪೊದೆಯಿಂದ ಬೇರುಸಹಿತ ಒಂದು ಮರಿ ಕಿತ್ತು, ಒದ್ದೆ ಟವೆಲ್ಲಿನಲ್ಲಿ ಸುತ್ತಿ ತಂದಿದ್ದರು. ಮೂರು ಕವಲಿನ ಮುಳ್ಳು, ಅದರ ಕಂಕುಳಲ್ಲಿ ಸಣ್ಣ ಎಲೆಗಳ ಗೊಂಚಲು. ಅಲ್ಲಿ ಹಳದಿ ಹೂ ಬಿಟ್ಟು ಹುಳಿ ಹಣ್ಣಾಗುತ್ತದಂತೆ. ಇಲ್ಲಿ ಒಮ್ಮೆಯೂ ಹೂ ಬಿಟ್ಟಿಲ್ಲ. ಆದರೂ ಬಂದವರಿಗೆಲ್ಲ ಭಾವ ಅದನ್ನು ತೋರಿಸಿ, "ಶಿವನ ಊರಿಂದ ಬಂದ ನೆಂಟ" ಎನ್ನುತ್ತಿದ್ದರು.

ಹಿತ್ತಿಲಲ್ಲಿ ಗಿಡದ ಬುಡ ಕೆಸರಾಗಿತ್ತು. ಹಳಸಿದ ಹಾಲಿನ ವಾಸನೆ. ಪೂಜೆಯ ನೀರನ್ನು ಯಾರೂ ತುಳಿಯಬಾರದೆಂದು ಅಕ್ಕ ಗಿಡದ ಬುಡಕ್ಕೇ ಸುರಿಯುವುದು. ಭಾವನ ಎದೆಯ ಆಪರೇಷನ್ ಆದಾಗಿನಿಂದ ದೇವರಿಗೆ ಎರಡು ಹೊತ್ತೂ ಹಾಲಿನ ಅಭಿಷೇಕ. ಎಲೆ ಉದುರಿದಷ್ಟೂ ಹಾಲು ಹೆಚ್ಚು.

"ಇಷ್ಟು ಯಾಕೆ ಹಾಕ್ತೀಯ?"

"ಮತ್ತೆಲ್ಲಿ ಹಾಕ್ಲಿ, ಚರಂಡಿಗಾ? ಓದಿದೋರ ಮಾತು ನೋಡು."

ಉಗುರಿನಿಂದ ತೊಗಟೆ ಕೆರೆದೆ. ಒಳಗೆ ಗಾಢ ಹಳದಿ.

"ಅರಿಶಿನ ಐತಲ್ಲ," ಎಂದಳು ಅಕ್ಕ. ಅವಳ ಕೈ ತಾನಾಗಿ ತಾಳಿಗೆ ಹೋಯಿತು. "ಹಂಗಾರೆ ಏನೂ ಆಗಿಲ್ಲ."

ಈ ಗಿಡದ ಕಟ್ಟಿಗೆ ಸತ್ತ ಮೇಲೂ ಹಳದಿಯೇ. ಜೀವವಿದ್ದರೆ ತೊಗಟೆಗೂ ಹಳದಿಗೂ ನಡುವೆ ಕೂದಲೆಳೆಯಷ್ಟು ಹಸಿರಿರಬೇಕು. ಕಂಡಂತಾಯಿತು. ಇನ್ನೊಮ್ಮೆ ಕೆರೆಯಲು ಧೈರ್ಯ ಬರಲಿಲ್ಲ.

"ಮಲಗಿದೆ ಅಕ್ಕಾ. ಅದರ ಊರಲ್ಲೂ ಎಲೆ ಉದುರಿಸಿ ಮಲಗೋ ಗಿಡವೇ ಇದು. ಚಿಗುರೋವರೆಗೂ ಪೂಜೆ ನೀರನ್ನ ದಾಸವಾಳಕ್ಕೆ ಹಾಕು."

"ನಿಮ್ ಭಾವ ಕೇಳಿದ್ರೆ?"

"ಡಾಕ್ಟ್ರು ಇಬ್ರಿಗೂ ಪಥ್ಯ ಹೇಳಿದಾರೆ ಅನ್ನು."

ಅಕ್ಕ ನಕ್ಕಳು. ಬಾಗಿಲ ಬಳಿ ಇಟ್ಟಿದ್ದ ತಂಬಿಗೆಯನ್ನು ಎತ್ತಿಕೊಂಡು ಮುಳ್ಳುಗಿಡದ ಕಡೆ ಎರಡು ಹೆಜ್ಜೆ ಇಟ್ಟಳು. ಆಮೇಲೆ ದಾಸವಾಳದ ಕಡೆ ನಡೆದಳು.

ವಾಪಸ್ಸು ಬರುವಾಗ ಬಸ್ಸಿನ ಕಿಟಕಿಯ ಬೆಳಕಿಗೆ ಉಗುರು ಹಿಡಿದು ನೋಡುತ್ತಲೇ ಇದ್ದೆ. ಹಳದಿ ಇತ್ತು. ಹಸಿರು ನಿಜಕ್ಕೂ ಕಂಡಿತ್ತೋ, ಕಾಣಲಿ ಎಂದುಕೊಂಡಿದ್ದೆನೋ, ಶಿರಾಳಕೊಪ್ಪ ಬರುವಷ್ಟರಲ್ಲೇ ಖಾತ್ರಿ ಉಳಿದಿರಲಿಲ್ಲ.